ಕುರ್ಚಿಯ ಮೇಲಿನ ಟಾವೆಲ್

ನಮ್ಮ ಕಡೆ ಬಸ್ಸಿನಲ್ಲಿ ಕೂಡಬೇಕಾದರೆ ಟಿಕೇಟಿಗಿಂತ ಮೊದಲು ಟಾವೆಲ್ ಬೇಕು. ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ನೀವು ಒಮ್ಮೆಯಾದರೂ ನಿಂತವರಾಗಿದ್ದರೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಮಂದಿ ಅದರ ಜೊತೆ ಓಡುತ್ತಾರೆ. ಕಿಡಕಿಯೊಳಗಿಂದ ಟಾವೆಲ್ಲು, ಕರವಸ್ತ್ರ, ಕೈಚೀಲ, ಬಾಳೆಹಣ್ಣಿನ ಗೊನೆ, ಒಮ್ಮೊಮ್ಮೆ ಅಳುವ ಕೂಸು, ಕೈಗೆ ಏನು ಸಿಗುತ್ತದೋ ಅದು ಒಳಗೆ ಹೋಗಿ ಬೀಳುತ್ತದೆ. ಅದು ಬಿದ್ದ ಜಾಗ ಅದರ ಒಡೆಯನದು. ಬಸ್ಸಿನಲ್ಲಿ ಐವತ್ತು ಜನ ನಿಂತಿರಲಿ, ಆ ಸೀಟಿನ ಹತ್ತಿರ ಹೋಗಿ ನೋಡಿ. ಪಕ್ಕದಲ್ಲಿ ಕುಂತ ಅಜ್ಜ ಕಣ್ಣು ತೆರೆಯದೆ ಹೇಳುತ್ತಾನೆ: "ಮಂದಿ ಅದಾರ್ರಿ, ಕೆಳಗ ಇಳದಾರ." ಮುಗಿಯಿತು. ಹೊಲದ ಬದುವಿನ ಸಲುವಾಗಿ ಇಪ್ಪತ್ತು ವರ್ಷದಿಂದ ಕೋರ್ಟಿಗೆ ಅಡ್ಡಾಡುವ ಅಣ್ಣತಮ್ಮಂದಿರನ್ನು ನಾನು ಬಲ್ಲೆ. ಕೋರ್ಟಿಗೆ ಹೋಗುವ ಅದೇ ಬಸ್ಸಿನಲ್ಲಿ ಒಬ್ಬನ ಟಾವೆಲ್ಲನ್ನು ಇನ್ನೊಬ್ಬ ಮುಟ್ಟಿದ್ದನ್ನು ಮಾತ್ರ ನೋಡಿಲ್ಲ.

ಈಗ ನನ್ನ ಕಣ್ಣೆದುರು ಅಂಥದೇ ಒಂದು ಟಾವೆಲ್ ಇದೆ. ಬಿಳಿ ಬಣ್ಣ, ಕೆಂಪು ಅಂಚು, ಒಂದು ಮೂಲೆಯಲ್ಲಿ ಗುರುತಿಗೆಂದು ಅವ್ವ ನೀಲಿ ದಾರದಿಂದ ಹಾಕಿದ ನಾಲ್ಕು ಹೊಲಿಗೆ. ನಮ್ಮಪ್ಪನದು. ಮೂರು ತಿಂಗಳು ಇದು ಬೈಲಹೊಂಗಲದಲ್ಲಿ, ನಾನು ಬಿಟ್ಟು ಬಂದ ನೌಕರಿಯ ಕುರ್ಚಿಯ ಬೆನ್ನಿಗೆ ತೂಗಿಕೊಂಡಿತ್ತು. ಅದನ್ನೇ ಹೇಳಬೇಕೆಂದು ಕುಂತವನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಹಾಕಿಕೊಂಡೆ ನೋಡಿ. ಕುಂತವನು ಎಂದದ್ದೂ ಸುಳ್ಳು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಪರಿಚಯ. ಹೆಸರು ಮಾಂತೇಶ, ಊರಿನಲ್ಲಿ ಮಾಂತ್ಯಾ. ನನಗೆ ಸ್ವಂತ ದನಿ ಅಂತ ಒಂದಿಲ್ಲ. ಕಂಡವರ ದನಿಯಲ್ಲೇ ದೊಡ್ಡವನಾದೆ. ಮನೆಗೆ ಬೀಗರು ಬಂದರೆ ಅವ್ವ ಚಹಾದ ಜೊತೆ ನನ್ನನ್ನೂ ತಂದು ಮುಂದಿಡುತ್ತಿದ್ದಳು: "ಮಾಂತ್ಯಾ, ನಿಮ್ಮ ಸ್ವಾದರತ್ತಿ ಲಗ್ನದಾಗ ಹೆಂಗ ಅತ್ತಳು, ಮಾಡಿ ತೋರ್ಸು." ನಾನು ಅಳುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಸ್ವಾದರತ್ತಿಯೇ. "ಇನ್ನೊಂದ ಸಲ ಅಳೋ, ಮೂಗ ಏರ್ಸೂದು ಬಿಟ್ಟಿ," ಎಂದು ತಿದ್ದುತ್ತಿದ್ದಳು.

ಆದರೆ ನಾನು ಕಲಿತ ಮೊದಲ ದನಿ ಅಪ್ಪನದು. ಅಪ್ಪ ಪ್ರಾಥಮಿಕ ಸಾಲಿಯ ಹೆಡ್ ಮಾಸ್ತರ. ಹೂಲಿ, ಯರಗಟ್ಟಿ, ರಾಮದುರ್ಗದ ಬಾಜೂ ಹಳ್ಳಿಗಳು, ಕೊನೆಗೆ ನಮ್ಮೂರು, ಹೀಗೆ ಸುತ್ತಿ ರಿಟೈರ್ ಆಗುವಷ್ಟರಲ್ಲಿ ಈ ಭಾಗದ ಅರ್ಧ ಗಂಡಸರ ಕಿವಿ ಅವನ ಕೈಯೊಳಗಿಂದ ಹಾದುಹೋಗಿದ್ದವು. ವರಾಂಡದಲ್ಲಿ ಅಪ್ಪ ಕೆಮ್ಮಿದರೆ ಏಳು ವರ್ಗಗಳು ಗಪ್ಪಾಗುತ್ತಿದ್ದವು. ಆಮೇಲೆ ಬರುತ್ತಿದ್ದದ್ದು ಒಂದೇ ಮಾತು: "ಯಾರಂವಾ ಹಿಂದ ಕುಂತಾಂವ? ಎದ್ದ ನಿಂದರು!" ಐದನೇ ವರ್ಗದಲ್ಲಿದ್ದಾಗ ಒಂದು ದಿನ ನಾನು ಬಾಗಿಲ ಹಿಂದೆ ನಿಂತು ಅದೇ ಕೆಮ್ಮು ಕೆಮ್ಮಿದೆ. ಹುಡುಗರಷ್ಟೇ ಅಲ್ಲ, ಪಾಠ ಹೇಳುತ್ತಿದ್ದ ಮಾಸ್ತರರೂ ಎದ್ದು ನಿಂತರು. ಅಪ್ಪ ಅಂಗೈಗೆ ಎರಡು ಕೊಟ್ಟ. ಅವತ್ತು ಊಟಕ್ಕೆ ಕುಂತಾಗ ಅವ್ವನನ್ನು ಮೆಲ್ಲಗೆ ಕೇಳಿದ್ದು ಮಾತ್ರ ನನಗೆ ಕೇಳಿಸಿತು: "ಖರೇನ ನಾ ಹಂಗ ಕೆಮ್ತೇನೇನು?"

ಇಂಥವನನ್ನು ಒಯ್ದು ಬೈಲಹೊಂಗಲದ ಒಂದು ಸಾಲ ಕೊಡುವ ಸೊಸೈಟಿಯಲ್ಲಿ ಗುಮಾಸ್ತನನ್ನಾಗಿ ಕೂಡಿಸಿದರು. ಐದು ವರ್ಷ ಕುಂತೆ. ಒಂದು ಕಾಲು ಗಿಡ್ಡ ಇದ್ದ ಕುರ್ಚಿ, ಅದರ ಕೆಳಗೆ ಮಡಚಿಟ್ಟ ಹಳೆಯ ಅರ್ಜಿ, ತಲೆಯ ಮೇಲೆ ತನಗೆ ಮನಸ್ಸು ಬಂದಾಗ ತಿರುಗುವ ಫ್ಯಾನು. ಅಪ್ಪ ಮಾತ್ರ ಊರಲ್ಲಿ ಯಾರೇ ಸಿಗಲಿ, ಅವರು ಕೇಳದಿದ್ದರೂ, "ನಮ್ಮ ಮಾಂತ್ಯಾಂದು ಪರ್ಮನೆಂಟ್ ಐತಿ," ಅನ್ನುತ್ತಿದ್ದ. ಆಯುಷ್ಯವೇ ಪರ್ಮನೆಂಟ್ ಆಗಿಬಿಟ್ಟಿದೆಯೇನೋ ಅನ್ನುವ ಹಾಗೆ.

ನಮ್ಮ ಮ್ಯಾನೇಜರ್ ಸಾಹೇಬರದು ಮೂಗಿನ ದನಿ. ಯಾರು ಏನು ಕೇಳಿದರೂ "ನೋಡೂಣಂತ, ನಾಳೆ ಬರ್ರಿ" ಎಂಬ ಒಂದೇ ಉತ್ತರ. ಆ ದನಿಯನ್ನು ಎರಡನೇ ದಿನಕ್ಕೇ ನಾನು ಜೇಬಿಗೆ ಹಾಕಿಕೊಂಡಿದ್ದೆ. ಒಮ್ಮೆ ಸಾಹೇಬರು ಹೊರಗೆ ಹೋದಾಗ ಒಳಗಿನ ಫೋನಿನಿಂದ ನಮ್ಮ ಸಿಪಾಯಿಗೆ ಅವರ ದನಿಯಲ್ಲಿ, "ಮಾಂತೇಶಗ ನಾಳೆ ರಜಾ ಐತಿ, ಬರ್ಕೋರಿ," ಎಂದು ನನಗೆ ನಾನೇ ರಜೆ ಮಂಜೂರು ಮಾಡಿಕೊಂಡೆ. ಸಿಪಾಯಿ ಮರುದಿನ ಸಾಹೇಬರಿಗೆ ಹೇಳಿದ. ಸಾಹೇಬರು ಒಂದು ಗಳಿಗೆ ವಿಚಾರ ಮಾಡಿ, "ನಾ ಹೇಳಿರಬೇಕು," ಅಂದರಂತೆ. ದೊಡ್ಡ ಮನುಷ್ಯ.

ಹೀಗೆ ಹಾಯಾಗಿದ್ದವನ ತಲೆ ಕೆಡಿಸಿದ್ದು ಒಂದು ಭಾಷಣ. ಆಷಾಢದಲ್ಲಿ ಬೈಲಹೊಂಗಲದ ಒಂದು ಮಂಗಲ ಕಾರ್ಯಾಲಯ ಖಾಲಿ ಬಿದ್ದಿತ್ತು. ಅಲ್ಲಿ "ಉದ್ಯಮಿಯಾಗಿರಿ" ಎಂಬ ಶಿಬಿರ. ಕೋಟು ತೊಟ್ಟವನೊಬ್ಬ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಗರ್ಜಿಸಿದ: "ನಿಮ್ಮೊಳಗೊಂದು ಸಿಂಹ ಮಲಗಿದೆ! ಸಂಬಳ ಅನ್ನೋದು ಅದಕ್ಕೆ ಹಾಕಿದ ನಿದ್ರೆ ಗುಳಿಗೆ! ಬಿಡಿ ನೌಕರಿ!" ಮುಂದಿನ ಸಾಲಿನಲ್ಲಿದ್ದ ನನ್ನೊಳಗಿನ ಸಿಂಹ ಎದ್ದು ಮೈಮುರಿಯಿತು. ಮುಗಿದ ಮೇಲೆ ಕಾಲಿಗೆ ಬೀಳೋಣವೆಂದು ಹಿಂದೆ ಹೋದರೆ ಅವನು ನೀರಿನ ಟಾಕಿಯ ಹತ್ತಿರ ಫೋನು ಹಿಡಿದು, ದನಿ ಅರ್ಧಕ್ಕೆ ಇಳಿಸಿ, "ಸರ್, ನಾಳೆ ಒಂದು ಹಾಫ್ ಡೇ ರಜೆ ಸಿಕ್ಕರೆ... ಇಲ್ಲ ಸರ್, ಹನ್ನೊಂದಕ್ಕೆಲ್ಲ ಬಂದ್ಬಿಡ್ತೀನಿ ಸರ್," ಅನ್ನುತ್ತಿದ್ದ. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೇ ನನ್ನ ಸಿಂಹವನ್ನು ಮತ್ತೆ ಮಲಗಿಸುತ್ತಿದ್ದೆ. ಆದರೆ ನಾನು ನಿಂತಲ್ಲೇ ಅವನ ಎರಡೂ ದನಿ ಕಲಿತುಕೊಂಡು ಮನೆಗೆ ಬಂದೆ.

ಉದ್ಯಮದ ವಿಚಾರ ತಲೆಯಲ್ಲಿ ಮೊದಲೇ ಇತ್ತು. ಈಗ ಯಾವ ವ್ಯಾಪಾರದವನೂ ಬೀದಿಯಲ್ಲಿ ಸ್ವಂತ ಗಂಟಲಿನಿಂದ ಕೂಗುವುದಿಲ್ಲ. ಮೂರು ಗಾಲಿಯ ಟಂಟಂ ಗಾಡಿಯ ನೆತ್ತಿಗೆ ಒಂದು ಸ್ಪೀಕರ್ ಕಟ್ಟಿ ಪೆನ್‌ಡ್ರೈವ್ ಚುಚ್ಚಿಬಿಡುತ್ತಾನೆ. ಅದು ತಾನೇ ಕೂಗುತ್ತದೆ. ಆದರೆ ಆ ರೆಕಾರ್ಡಿಂಗುಗಳು ಎಲ್ಲಿಯವೋ ಏನೋ, ನಮ್ಮ ಉಳ್ಳಾಗಡ್ಡಿ ಅವಕ್ಕೆ ಈರುಳ್ಳಿ. "ಬನ್ನಿ ಬನ್ನಿ ಅಕ್ಕಾ, ತಾಜಾ ಈರುಳ್ಳಿ," ಎಂದು ನಮ್ಮ ಓಣಿಗೆ ಬಂದರೆ ಅವ್ವ ಸೆರಗು ಸರಿಮಾಡಿಕೊಂಡು, "ಯಾರೋ ಕೃಷಿ ಆಫೀಸಿನವರು ಬಂದಾರ ನೋಡು," ಅನ್ನುತ್ತಿದ್ದಳು. ನಮ್ಮ ಮಂದಿಗೆ ನಮ್ಮ ದನಿಯಲ್ಲಿ ಕೂಗುವವನೊಬ್ಬ ಬೇಕು. ಆ ದನಿಗಳೆಲ್ಲ ನನ್ನ ಹತ್ತಿರವೇ ಇವೆ. ಇದಕ್ಕಿಂತ ದೊಡ್ಡ ಉದ್ಯಮ ಯಾವುದು?

ರಾಜೀನಾಮೆ ಬರೆದು ಅಪ್ಪನ ಮುಂದಿಟ್ಟೆ. ಅಪ್ಪ ಕನ್ನಡಕ ಏರಿಸಿ ಪೂರ್ತಿ ಓದಿದ. ಭೂಮಿ ನಡುಗುತ್ತದೆ ಎಂದು ನಾನು ಕಾಯುತ್ತಿದ್ದೆ. ಅಪ್ಪ ಕಾಗದ ವಾಪಸು ಕೊಟ್ಟು, "ತಾರೀಖ ಹಾಕಿಲ್ಲ," ಅಂದ. ಹಾಕಿದೆ. ಅದನ್ನು ಸೊಸೈಟಿಗೆ ಕೊಟ್ಟು ಬಂದ ದಿನದಿಂದ ಅವನು ನನ್ನ ಜೊತೆ ಮಾತು ಬಿಟ್ಟ.

ಮಾತು ಬಿಟ್ಟ ಎಂದರೆ ಹೇಳುವುದನ್ನು ಬಿಟ್ಟ ಎಂದಲ್ಲ. ನಾನು ಎರಡು ಮಾರು ದೂರದಲ್ಲಿ ಕುಂತಿದ್ದರೂ ಎಲ್ಲ ಅವ್ವನ ಮೂಲಕ ಬರತೊಡಗಿತು. "ನಿನ್ನ ಮಗಗ ಹೇಳು, ಚಪ್ಪಲಿ ಒಳಗ ತರಬ್ಯಾಡ ಅಂತ." ಅವ್ವ ನನ್ನ ಕಡೆ ತಿರುಗಿ, "ಚಪ್ಪಲಿ ಒಳಗ ತರಬ್ಯಾಡ ಅಂತೋ," ಅನ್ನುತ್ತಿದ್ದಳು. ನಾನು, "ತಂದಿಲ್ಲ ಅಂತ ಹೇಳವಾ." ಅವ್ವ ಅತ್ತ ತಿರುಗಿ, "ತಂದಿಲ್ಲಂತ್ರಿ." ನಾಲ್ಕು ದಿನ ಹೀಗೆ ಕುತ್ತಿಗೆ ತಿರುಗಿಸಿ ತಿರುಗಿಸಿ ಅವ್ವನಿಗೆ ನೋವು ಬಂತು. "ಇಬ್ಬರೂ ಒಂದ ಕಡೆ ಕುಂದರ್ರಿ, ನನ್ನ ಗೋಣರ ಉಳೀಲಿ," ಎಂದು ಬೈದು ನಮ್ಮಿಬ್ಬರನ್ನೂ ಒಂದೇ ಗೋಡೆಗೆ ಕೂಡಿಸಿದಳು.

ಐದನೇ ದಿನ ಸೊಸೈಟಿಯ ಸಿಪಾಯಿ ಫೋನು ಮಾಡಿದ. ಅಪ್ಪ ಬೆಳಗಿನ ಬಸ್ಸಿಗೆ ಬೈಲಹೊಂಗಲಕ್ಕೆ ಹೋಗಿ, ಸೀದಾ ಒಳಗೆ ನಡೆದು, ಹೆಗಲ ಮೇಲಿನ ಟಾವೆಲ್ ತೆಗೆದು, ನನ್ನ ಕುರ್ಚಿಯ ಬೆನ್ನಿಗೆ ಹಾಕಿದನಂತೆ. ಮ್ಯಾನೇಜರ್ ಸಾಹೇಬರು ಹೊರಗೆ ಬಂದು, "ಏನ್ರಿ ಮಾಸ್ತರ, ಇದು?" ಎಂದರೆ ಅಪ್ಪ, "ಹುಡುಗ ಚಾ ಕುಡ್ಯಾಕ ಕೆಳಗ ಇಳದಾನ್ರಿ. ಬರ್ತಾನ."

"ಎಷ್ಟ ದಿನ ಚಾ ಕುಡೀತಾನ್ರಿ?"

"ಬನ್ನಿ ಹಬ್ಬದ ಮರುದಿನ ಆಫೀಸ್ ತೆರೀತೇರಲ್ಲ, ಅವತ್ತ ಹತ್ತ ಗಂಟೆ ತನಕ."

ಅರ್ಜಿ ಕೊಟ್ಟಿದ್ದರೆ ಸಾಹೇಬರು ತಿರಸ್ಕರಿಸಬಹುದಿತ್ತು. ವಶೀಲಿ ಹಚ್ಚಿದ್ದರೆ ನಾಳೆ ಬರ್ರಿ ಅನ್ನಬಹುದಿತ್ತು. ಹಾಕಿದ ಟಾವೆಲ್ಲನ್ನು ತೆಗೆಯುವುದು ಹೇಗೆ, ಅವರೂ ಇದೇ ಭಾಗದವರಲ್ಲವೇ? "ನೋಡೂಣಂತ," ಅಂದರು. ಅವರ ಜೀವಮಾನದಲ್ಲಿ ಆ ಮಾತು ಮೊದಲ ಸಲ ಒಬ್ಬರಿಗೆ ಉಪಯೋಗಕ್ಕೆ ಬಂತು.

ನನ್ನ ಮುಂದೆ ಈಗ ಮೂರು ತಿಂಗಳು. ಅಷ್ಟರಲ್ಲಿ ಉದ್ಯಮ ಕಾಲ ಮೇಲೆ ನಿಂತರೆ ಸೈ. ಇಲ್ಲವಾದರೆ ಗಿಡ್ಡ ಕಾಲಿನ ಕುರ್ಚಿ. "ಹಂಗಾದ್ರ ಹೋಗಿ ಕುಂದರ್ತೇನಿ," ಎಂದು ಅವ್ವನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದೆ. ಹಾಗೆ ಹೇಳುವಾಗ ನನ್ನೊಳಗಿನ ಸಿಂಹ ನನ್ನ ಮುಖ ನೋಡಲಿಲ್ಲ.

ಯರಗಟ್ಟಿಯಲ್ಲಿ ಟಾಯರ್ ಪಂಕ್ಚರ್ ಅಂಗಡಿಯ ಮಾಳಿಗೆಯ ಮೇಲೆ ಒಂದು ಖೋಲಿ ಹಿಡಿದೆ. ಒಂದು ಮೇಜು, ಒಂದು ಕುರ್ಚಿ, ಒಂದು ಮೈಕು. ದನಿ ಗೋಡೆಗೆ ಬಡಿದು ಗುಂಯ್ಗುಡಬಾರದೆಂದು ನಾಲ್ಕೂ ಕಡೆ ಕೌದಿ ತೂಗಬಿಟ್ಟೆ. ಅವ್ವ ಕೌದಿ ಕೊಡುವಾಗ ಕೇಳಿದಳು: "ಗ್ವಾಡಿಗೇನ ಥಂಡಿ ಹತ್ತೇತೇನೋ?" ಕೆಳಗೆ ಪಂಕ್ಚರ್ ಅಂಗಡಿಯವನು ಗಾಳಿ ಬಿಟ್ಟರೆ ಮೇಲೆ ನನ್ನ ರೆಕಾರ್ಡಿಂಗಿನಲ್ಲಿ ಉಸ್ಸೆಂದು ಬರುತ್ತಿತ್ತು. ಪಾತ್ರೆ ಮಾರುವ ರಾಮದುರ್ಗದ ಭಾಂಡಿ ವ್ಯಾಪಾರಿಯೊಬ್ಬ ಅದನ್ನು ಕೇಳಿ, "ಆ ಕುಕ್ಕರ್ ಸಿಟಿ ಹೊಡದಂಗ ಮಾಡೇರಲ್ಲ, ಭಾಳ ಚಲೋ ಐತ್ರಿ," ಅಂದ. ನಾನು ನಮ್ರತೆಯಿಂದ ಒಪ್ಪಿಕೊಂಡೆ.

ಕಾರ್ಡಿನಲ್ಲಿ ಹೆಸರಿನ ಕೆಳಗೆ "ಸಂಸ್ಥಾಪಕರು" ಎಂದು ಹಾಕಿಸಿದ್ದೆ. ಸಂಸ್ಥಾಪಕರು ತಾವೇ ಫೋನು ಎತ್ತಿದರೆ ಚಂದ ಕಾಣುತ್ತದೆಯೇ? ಹಾಗಾಗಿ ಮೊದಲು ಹೆಣ್ಣು ದನಿಯಲ್ಲಿ ಎತ್ತುತ್ತಿದ್ದೆ: "ನಮಸ್ಕಾರ್ರೀ, ಸಾಹೇಬ್ರು ಮೀಟಿಂಗಿನ್ಯಾಗ ಅದಾರ್ರಿ, ಒಂದ ನಿಮಿಷ ರೀ." ಆಮೇಲೆ ಗಂಟಲು ಸರಿಮಾಡಿಕೊಂಡು ಸಾಹೇಬನಾಗುತ್ತಿದ್ದೆ. ರಾಮದುರ್ಗದ ಅದೇ ಭಾಂಡಿ ವ್ಯಾಪಾರಿ ಒಂದು ದಿನ ಕೆಲಸದ ಮಾತು ಮುಗಿದರೂ ಫೋನು ಇಡಲಿಲ್ಲ.

"ಅಲ್ರೀ, ಫೋನ್ ಎತ್ತೂ ಹುಡುಗಿ ಯಾರ ಪೈಕಿ?"

"ನಮ್ಮ ಪೈಕೀನ ರೀ."

"ಎಷ್ಟ ಓದ್ಯಾಳ?"

"ನಾ ಓದಿದಷ್ಟ ಓದ್ಯಾಳ್ರಿ."

"ದನಿ ಭಾಳ ಸಂಭಾವಿತ ಐತಿ. ನಮ್ಮ ಮಗಗ ಕೇಳೂಣು ಅಂತ ಮನ್ಯಾಗ ಮಾತಾಡೇವಿ. ಯಾವಾಗ ಬರೂಣ್ರಿ ನೋಡಾಕ?"

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಎರಡು ದಿನ ಬಿಟ್ಟು ನಾನೇ ಫೋನು ಮಾಡಿ, ಆಕೆಗೆ ಮೊನ್ನೆಯೇ ಸ್ವಾದರಮಾವನ ಮಗನ ಜೊತೆ ಗಟ್ಟಿಯಾಯಿತು, ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿದೆ. ಹೀಗೆ ನನ್ನ ಉದ್ಯಮದ ಏಕೈಕ ಸಿಬ್ಬಂದಿಯೂ ನೌಕರಿ ಬಿಟ್ಟಳು.

ಇಷ್ಟು ಓದಿ ನನ್ನ ಉದ್ಯಮ ಕುದುರಿತು ಎಂದು ನೀವು ತಿಳಿದರೆ ಅದು ನನ್ನ ಮಾತಿನ ಮೋಡಿ. ಗಿರಾಕಿ ಒಮ್ಮೆ ಬರುತ್ತಿದ್ದ, ಎರಡನೇ ಸಲ ಬರುತ್ತಿರಲಿಲ್ಲ. ನನ್ನ ಕೂಗುಗಳನ್ನು ಕೇಳಿ ಜನ ಮೆಚ್ಚುತ್ತಿದ್ದರು, ಮನೆಯೊಳಗೆ ಕುಂತೇ ಮೆಚ್ಚುತ್ತಿದ್ದರು. ನನ್ನ ಮೊದಲ ಗಿರಾಕಿ, ಉಳ್ಳಾಗಡ್ಡಿ ಮಾರುವ ಫಕೀರಪ್ಪ ಕಾಕಾ, ಗಣಪತಿ ಹಬ್ಬ ಮುಗಿದ ಮೇಲೆ ಮಾಳಿಗೆ ಏರಿ ಬಂದು ಕೌದಿಗೆ ಬೆನ್ನು ಹಚ್ಚಿ ಕುಂತ. "ಮಾಂತೇಶಪ್ಪಾ, ನಿನ್ನ ದನಿ ಕೇಳಿ ಮಂದಿಗೆ ಚಲೋ ನಿದ್ದಿ ಬರಾಕ ಹತ್ತೇತಿ. ಓಣ್ಯಾಗ ಹೊಕ್ಕೆ ಅಂದ್ರ ನಾಯಿ ಸೈತ ಎದ್ದ ಬರಂಗಿಲ್ಲ."

"ಐದು ದನಿಯಾಗ ಮಾಡಿ ಕೊಟ್ಟೇನಲ್ಲ ಕಾಕಾ! ಮುದುಕಂದು, ಹುಡುಗೀದು, ಸಿನಿಮಾ ಖಳನಾಯಕಂದು..."

"ಎಲ್ಲಾ ಚಲೋ ಅದಾವಪಾ. ಉಳ್ಳಾಗಡ್ಡಿ ಅಷ್ಟ ಹೋಗವಲ್ವು."

ಆ ದಿನ ಬೆಳಿಗ್ಗೆ ಬೈಲಹೊಂಗಲಕ್ಕೆ ಹೋಗಿ ಬಂದಿದ್ದೆ. ಸೊಸೈಟಿಯ ಕಿಡಕಿಯಲ್ಲಿ ಹಣಿಕಿ ನೋಡಿದ್ದೆ. ಟಾವೆಲ್ ಅಲ್ಲೇ ಇತ್ತು. ಸಿಪಾಯಿ ಶನಿವಾರಕ್ಕೊಮ್ಮೆ ಅದನ್ನು ಝಾಡಿಸಿ ಮತ್ತೆ ಹಾಕುತ್ತಾನಂತೆ. ಸಾಲ ಕೇಳಲು ಬಂದ ಹಳ್ಳಿಯವರು ಅದಕ್ಕೊಂದು ನಮಸ್ಕಾರ ಮಾಡಿ, "ಸಾಹೇಬ್ರು ಎಲ್ಲೆದಾರ್ರಿ?" ಎಂದರೆ "ಕೆಳಗ ಇಳದಾರ್ರಿ, ನಾಳೆ ಬರ್ರಿ" ಎಂಬ ಉತ್ತರ. ನಾನು ಕುಂತಾಗ ಎಷ್ಟು ಕೆಲಸ ನಡೆಯುತ್ತಿತ್ತೋ ಟಾವೆಲ್ ಕುಂತಾಗಲೂ ಅಷ್ಟೇ ನಡೆಯುತ್ತಿತ್ತು. ಆ ಅವಮಾನದ ಮೇಲೆ ಕಾಕಾನ ಈ ಮಾತೂ ಸೇರಿ ಸಿಟ್ಟು ಬಂತು. ಮೈಕಿನ ಮುಂದೆ ಎದ್ದು ನಿಂತು, ಯಾವ ದನಿಯಲ್ಲಿ ಒದರುತ್ತಿದ್ದೇನೆ ಎಂಬ ಖಬರೂ ಇಲ್ಲದೆ ಒದರಿದೆ: "ಯಾರಂವಾ ಒಳಗ ಕುಂತಾಂವ? ಎದ್ದ ಹೊರಗ ಬಾ!"

ಫಕೀರಪ್ಪ ಕಾಕಾ ಎದ್ದು ನಿಂತಿದ್ದ. ಕೈ ಕಟ್ಟಿಕೊಂಡಿದ್ದ. ಐವತ್ತರ ಮನುಷ್ಯ, ಹೂಲಿ ಸಾಲಿಯಲ್ಲಿ ಅಪ್ಪನ ಹತ್ತಿರ ಕಲಿತು ನಾಲ್ಕನೇ ವರ್ಗಕ್ಕೆ ಬಿಟ್ಟವನು. ಸುತ್ತ ನೋಡಿ, ಟೊಪ್ಪಿಗೆ ಸರಿಮಾಡಿಕೊಂಡು, ಮೆಲ್ಲಗೆ ಹೇಳಿದ: "ಇದನ್ನ ತುಂಬಿಕೊಡು."

ತುಂಬಿಕೊಟ್ಟೆ. ಒಂದು ಕೆಮ್ಮು, ಒಂದು ಗದರಿಕೆ, ಆಮೇಲೆ "ಉಳ್ಳಾಗಡ್ಡಿ ಬಂದಾವು, ಸಾಲಾಗಿ ಬರ್ರಿ, ಗದ್ಲ ಹಾಕಬ್ಯಾಡ್ರಿ." ಒಂದೇ ಕರಾರು: ರಾಮದುರ್ಗದ ಕಡೆಗಷ್ಟೇ ಹಚ್ಚಬೇಕು, ನಮ್ಮೂರಿನ ಹಾದಿ ಹಿಡಿಯಬಾರದು. ಕಾಕಾ ಉಳ್ಳಾಗಡ್ಡಿ ಚೀಲದ ಮೇಲೆ ಕೈಯಿಟ್ಟು ಆಣೆ ಮಾಡಿದ.

ಮುಂದಿನದನ್ನು ಅವನೇ ಬಂದು ಹೇಳುತ್ತಿದ್ದ. ಗಾಡಿ ಓಣಿಯಲ್ಲಿ ನಿಂತು ಕೆಮ್ಮಿದರೆ ಸಾಕು, ಮೀಸೆ ನೆರೆತವರು ಅರ್ಧ ಊಟ ಬಿಟ್ಟು ಹೊರಗೆ ಬರುತ್ತಿದ್ದರಂತೆ. ಒಬ್ಬ ಪಂಚಾಯತಿ ಮೆಂಬರು ಕೈಯಲ್ಲಿದ್ದ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಉಳ್ಳಾಗಡ್ಡಿ ತಗೊಂಡನಂತೆ. ಇನ್ನೊಬ್ಬ ತನ್ನ ಹೊಲದಲ್ಲೇ ಉಳ್ಳಾಗಡ್ಡಿ ಬೆಳೆದವನು, ಅಂಗಳದ ತುಂಬ ಒಟ್ಟಿಕೊಂಡು ಕುಂತವನು, ಬಂದು ಎರಡು ಕಿಲೋ ಒಯ್ದನಂತೆ. "ನಿನಗ್ಯಾಕೋ?" ಎಂದು ಹೆಂಡತಿ ಕೇಳಿದರೆ, "ಸರ್ ಕರದ್ರು," ಅಂದನಂತೆ.

ಈ ಸುದ್ದಿ ಹಬ್ಬಿ ಗಿರಾಕಿಗಳು ಬರತೊಡಗಿದರು. ಎಲ್ಲರಿಗೂ ಒಂದೇ ದನಿ ಬೇಕು. ಉದ್ಯಮ ಕಾಲೂರುವ ಲಕ್ಷಣ ಕಾಣಿಸಿತು. ಅದು ಯಾರ ಕಾಲು ಎಂಬುದನ್ನು ಮಾತ್ರ ನಾನು ಮನೆಯಲ್ಲಿ ಬಾಯಿಬಿಡಲಿಲ್ಲ.

ಬನ್ನಿ ಹಬ್ಬದ ಹಿಂದಿನ ದಿನ ಖಂಡೇ ಪೂಜಿ. ಅವರವರ ಕೆಲಸದ ಸಾಮಾನಿಗೆ ಪೂಜಿ ಮಾಡುವ ದಿನ. ಪಡಸಾಲೆಯಲ್ಲಿ ಮಣೆ ಹಾಕಿ ಅವ್ವ ಈಳಿಗೆ, ಕುಡಗೋಲು ಇಟ್ಟಿದ್ದಳು. ಅಪ್ಪ ತನ್ನ ಕೆಂಪು ಪೆನ್ನು, ಸಾಲಿಯ ಹಳೆಯ ಗಂಟೆ ಇಟ್ಟಿದ್ದ. ನಾನು ಮೈಕು ತಂದು ಪಕ್ಕಕ್ಕಿಟ್ಟೆ.

"ನಿನ್ನ ಮಗಗ ಹೇಳು," ಎಂದು ಅಪ್ಪ ಈಳಿಗೆಯನ್ನು ನೋಡುತ್ತ ಅಂದ, "ನಾಡಿದ್ದ ಹತ್ತಕ್ಕ ಟಾವೆಲ್ ತಗೀತಾರ ಅಂತ. ಅಂಗಿ ಇಸ್ತ್ರಿ ಮಾಡಿ ಇಟ್ಕೋ ಅನ್ನು."

ಅವ್ವ ಬಾಯಿ ತೆರೆಯುವಷ್ಟರಲ್ಲಿ ಓಣಿಯ ತಿರುವಿನಿಂದ ಒಂದು ಕೆಮ್ಮು ಬಂತು.

"ಯಾರಂವಾ ಒಳಗ ಕುಂತಾಂವ? ಎದ್ದ ಹೊರಗ ಬಾ!"

ಅವ್ವ ಅಪ್ಪನ ಬಾಯಿ ನೋಡಿದಳು. ಅದು ಮುಚ್ಚಿತ್ತು. ಮತ್ತೆ ಓಣಿಯ ಕಡೆ ನೋಡಿದಳು. "ಏನ್ರಿ," ಅಂದಳು ಗಾಬರಿಯಿಂದ, "ನೀವು ಅಲ್ಲ್ಯಾಕ ಒದರಾಕ ಹತ್ತೀರಿ?"

ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಉಳ್ಳಾಗಡ್ಡಿ ಬೇಕಾಗುತ್ತದೆಂದು ಫಕೀರಪ್ಪ ಕಾಕಾ ಆಸೆಗೆ ಬಿದ್ದು ಆಣೆ ಮುರಿದಿದ್ದ. ಅಪ್ಪ ಎದ್ದು ಹೊರಗೆ ನಡೆದ. ನಾನು ಹಿಂದೆ ಹೋದೆ. ಓಣಿಯಲ್ಲಿ ಆಗಲೇ ಏಳೆಂಟು ಗಂಡಸರು ಸಾಲಾಗಿ ನಿಂತಿದ್ದರು. ಎದುರು ಮನೆಯ ಗಂಗಪ್ಪ ಅರ್ಧ ಗಡ್ಡಕ್ಕೆ ಸಾಬಣದ ಬುರುಗು ಹಚ್ಚಿಕೊಂಡೇ ಬಂದಿದ್ದ. ಅಪ್ಪನನ್ನು ಕಂಡದ್ದೇ ಕಾಕಾನ ಮುಖ ಸುಣ್ಣವಾಯಿತು. ಪೆನ್‌ಡ್ರೈವಿಗೆ ಕೈ ಹಾಕಿದ.

"ಬಂದ್ ಮಾಡಬ್ಯಾಡ," ಅಂದ ಅಪ್ಪ. "ಹಚ್ಚು."

ಕೈ ಹಿಂದೆ ಕಟ್ಟಿಕೊಂಡು, ತಲೆ ವಾರೆ ಮಾಡಿ, ಹುಡುಗ ಪಾಠ ಒಪ್ಪಿಸುವಾಗ ಕೇಳುತ್ತಿದ್ದ ಹಾಗೆ, ಪೂರ್ತಿ ಕೇಳಿದ. ಮತ್ತೊಮ್ಮೆ ಹಚ್ಚಿಸಿದ.  ಆಮೇಲೆ ಮೂರು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ:

"ತಪ್ಪ ಮಾಡೀದಿ. ಒಂದ ಸಲ ಕೆಮ್ಮೀದಿ. ಎರಡ ಸಲ ಕೆಮ್ಮಬೇಕು."

"ಎರಡು ಯಾಕ ಅಪ್ಪಾ?"

"ಮೊದಲನೇದು ಹುಡುಗುರು ಸುಮ್ಮನಾಗಾಕ. ಎರಡನೇದು ನಾ ಸುಮ್ಮನಾಗಾಕ. ಅದನ್ನ ಬಿಟ್ಟೀದಿ, ಅದಕ್ಕ ಇದರಾಗ ಬರೇ ಸಿಟ್ಟ ಉಳದೈತಿ. ನನ್ನ ದನಿಯಾಗ ಸಿಟ್ಟ ಯಾವಾಗಿತ್ತೋ?"

"ಇತ್ರಿ ಸರ್ರ," ಎಂದ ಗಂಗಪ್ಪ ಬುರುಗಿನೊಳಗಿಂದ.

"ನೀ ಸುಮ್ಮನ ನಿಂದರು."

ಗಂಗಪ್ಪ ಸುಮ್ಮನೆ ನಿಂತ.

ಇಪ್ಪತ್ತು ವರ್ಷ ಆ ದನಿಯನ್ನು ಮಾಡಿ ತೋರಿಸುತ್ತ ತಿರುಗಿದವನು ನಾನು. ಊರೆಲ್ಲ ನಕ್ಕಿದೆ, ನಾನೂ ನಕ್ಕಿದ್ದೇನೆ. ಅದರಲ್ಲಿ ಎರಡನೇ ಕೆಮ್ಮೊಂದಿದೆ ಎಂಬುದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.   ಅಪ್ಪನಿಗೆ ಯಾರ ದನಿಯಲ್ಲಿ ಉತ್ತರ ಕೊಡಬೇಕೆಂಬುದೇ ನನಗೆ ಹೊಳೆಯಲಿಲ್ಲ.

ಅಪ್ಪ ಗಾಡಿಯ ಸ್ಪೀಕರಿನ ಜೊತೆ ಬಂದು ಮೂಲೆಗೆ ಬಿದ್ದಿದ್ದ ಮೈಕು ಎತ್ತಿಕೊಂಡ. ಒಮ್ಮೆ ಕೆಮ್ಮಿದ. ತಡೆದು, ಇನ್ನೊಮ್ಮೆ ಕೆಮ್ಮಿದ. "ಯಾರಂವಾ ಒಳಗ ಕುಂತಾಂವ? ಎದ್ದ ಹೊರಗ ಬಾರೋ." ಕೊನೆಯ ಆ 'ರೋ'ದಲ್ಲಿ ಏನಿತ್ತೋ, ಇಷ್ಟು ದಿನ ನನ್ನ ರೆಕಾರ್ಡಿಂಗಿಗೆ ಬರೀ ಗಂಡಸರು ಬರುತ್ತಿದ್ದರು, ಈಗ ಹೆಂಗಸರೂ, ಮುದುಕಿಯರೂ, ಅಪ್ಪನ ಹತ್ತಿರ ಎಂದೂ ಕಲಿಯದ ಸೊಸೆಯಂದಿರೂ ಬಾಗಿಲಿಗೆ ಬಂದರು. ಕಾಕಾನ ಗಾಡಿಯಲ್ಲಿ ಸಿಪ್ಪೆಯಷ್ಟೇ ಉಳಿಯಿತು.

ಬನ್ನಿ ಹಬ್ಬದಂದು ಅಪ್ಪನ ಕಾಲಿಗೆ ಬಿದ್ದು ಬನ್ನಿ ಕೊಟ್ಟೆ. "ಬಂಗಾರದಂಗ ಇರು," ಅಂದ, ಅಷ್ಟೇ. ಮರುದಿನ ಮುಂಜಾನೆ, "ಅಂಗಿ ಹಾಕ್ಕೋ, ಬೈಲಹೊಂಗಲಕ್ಕ ಹೋಗೂದೈತಿ," ಅಂದ. ನನಗೆ ಹೋಗುವ ಮನಸ್ಸಿರಲಿಲ್ಲ. ಆದರೂ ಅವ್ವನ ತಲೆಯ ಆಣೆ ಇತ್ತು. ಅಲ್ಲದೆ, ಎರವಲು ದನಿಯಲ್ಲಿ ಕಾಲೂರಿದ್ದನ್ನು ನನ್ನ ಕಾಲು ಎಂದು ಹೇಳಿಕೊಳ್ಳುವ ಮುಖವೂ ಇರಲಿಲ್ಲ. ಇಸ್ತ್ರಿ ಅಂಗಿ ತೊಟ್ಟೆ. ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಸೀಟು ಹಿಡಿಯಲು ಅಪ್ಪನ ಹತ್ತಿರ ಟಾವೆಲ್ ಎಲ್ಲಿತ್ತು? ನಿಂತೇ ಹೋದೆವು.

ಹತ್ತಕ್ಕೆ ಐದು ನಿಮಿಷ ಇತ್ತು. ಸೊಸೈಟಿಯಲ್ಲಿ ಅಪ್ಪ ಎಲ್ಲರಿಗೂ ಬನ್ನಿ ಹಂಚಿದ. ಮ್ಯಾನೇಜರ್ ಸಾಹೇಬರು ನನ್ನನ್ನು ನೋಡಿ ಮೂಗಿನಲ್ಲೇ ನಕ್ಕರು: "ಚಾ ಕುಡದ ಆತೇನಪಾ?" ನಾನು ಗಿಡ್ಡ ಕಾಲಿನ ಕುರ್ಚಿಯ ಕಡೆ ಎರಡು ಹೆಜ್ಜೆ ಇಟ್ಟೆ. ಫ್ಯಾನು, ಇವತ್ತೇ ಅದಕ್ಕೆ ಮನಸ್ಸು ಬಂದು, ಗರಗರ ತಿರುಗುತ್ತಿತ್ತು.

ಅಪ್ಪ ನನಗಿಂತ ಮುಂದೆ ಹೋಗಿ ಟಾವೆಲ್ ತೆಗೆದ. ಎರಡು ಸಲ ಝಾಡಿಸಿ ಹೆಗಲಿಗೆ ಹಾಕಿಕೊಂಡ.

"ತಗದ್ರಿ ಯಾಕ್ರಿ ಮಾಸ್ತರ? ಹುಡುಗ ಬಂದಾನಲ್ಲ, ಕೂಡ್ಸ್ರಿ," ಅಂದರು ಸಾಹೇಬರು.

"ಇಲ್ರಿ," ಅಂದ ಅಪ್ಪ. "ಅವನ ಬಸ್ ಬ್ಯಾರೆ ಐತಿ."

ಹೊರಗೆ ಬಂದ ಮೇಲೆ ನನಗೆ ಹಾರಿ ಕುಣಿಯಬೇಕೆನಿಸಿತು. ಹಾಗೇ ಒಮ್ಮೆ ತಿರುಗಿಯೂ ನೋಡಿದೆ. ಟಾವೆಲ್ ಇಲ್ಲದ ಆ ಕುರ್ಚಿ ಯಾರೋ ಇಳಿದುಹೋದ ಸೀಟಿನ ಹಾಗೆ ಕಂಡಿತು. ಐದು ವರ್ಷ ಕುಂತಿದ್ದೆನಲ್ಲ.

ಅಲ್ಲಿಂದ ಸೀದಾ ಯರಗಟ್ಟಿ. ಅಪ್ಪ ಮೊದಲ ಸಲ ನನ್ನ ಮಾಳಿಗೆ ಏರಿದ. ಕೌದಿಗಳನ್ನು ಒಂದೊಂದಾಗಿ ಮುಟ್ಟಿ, "ಇದು ನಮ್ಮ ಅವ್ವ ಹೊಲದದ್ದು," ಅಂದ. ಮೈಕನ್ನು ನೋಡಿದ. ಆಮೇಲೆ ಹೆಗಲ ಮೇಲಿನ ಟಾವೆಲ್ ತೆಗೆದು, ಮೈಕಿನ ಮುಂದಿದ್ದ ನನ್ನ ಕುರ್ಚಿಗೆ ಹಾಕಿದ.

ನನ್ನ ಕಣ್ಣು ತುಂಬಿ ಬಂದವು. ಹೆತ್ತ ಅಪ್ಪ ಸ್ವಂತ ಕೈಯಿಂದ ಮಗನಿಗೆ ಜಾಗ ಹಿಡಿದುಕೊಟ್ಟ ಎಂದುಕೊಂಡು ಕೂಡಲು ಹೋದೆ.

"ಏ ಏ," ಅಂದ ಅಪ್ಪ. "ಮಂದಿ ಅದಾರ."

"ಯಾರು?"

"ನಾ."

ಅಂದಿನಿಂದ ನನ್ನ ಉದ್ಯಮ ಭರ್ಜರಿ ನಡೆದಿದೆ. ಗಿರಾಕಿಗಳು "ಅಸಲಿಂದ ಕೊಡ್ರಿ" ಅನ್ನುತ್ತಾರೆ, ನಕಲಿಯನ್ನು ಯಾರೂ ಕೇಳುವುದಿಲ್ಲ. ಅಪ್ಪ ಮುಂಜಾನೆ ಹತ್ತಕ್ಕೆ ಸರಿಯಾಗಿ ಮಾಳಿಗೆ ಏರುತ್ತಾನೆ. ನನ್ನ ಕೆಲಸ ಗುಂಡಿ ಒತ್ತುವುದು, ಪೆನ್‌ಡ್ರೈವ್ ತುಂಬುವುದು, ನೀರು ತರುವುದು. ಮೊನ್ನೆ ಅಪ್ಪ ಫೋನು ಎತ್ತಿ "ಹಾಂ, ಯಾರಂವಾ?" ಎಂದರೆ ಅತ್ತಲಿಂದ ಆ ರಾಮದುರ್ಗದ ವ್ಯಾಪಾರಿ, "ಏ ಮಾಂತೇಶಪ್ಪಾ, ಸಾಕ ಬಿಡೋ ಮಾರಾಯಾ ಅಪ್ಪನ ನಕಲು," ಅಂದ. ಅಪ್ಪ ಫೋನು ನನ್ನ ಕೈಗೆ ಕೊಟ್ಟು, "ಅವಂಗ ಹೇಳು, ಒಂದ ಕೆಮ್ಮಾದ್ರ ನೀ, ಎರಡಾದ್ರ ನಾ ಅಂತ," ಅಂದ.

ಹೋದ ವಾರ ಸವದತ್ತಿಗೆ ಗೆಳೆಯನ ಮನೆಗೆ ಹೋಗಬೇಕಿತ್ತು. ರಜೆ ಕೇಳಿದೆ. "ಬರದ ಕೊಡು," ಅಂದ. ಮ್ಯಾನೇಜರ್ ಸಾಹೇಬರ ದನಿಯಲ್ಲಾಗಿದ್ದರೆ ನಾನೇ ಮಂಜೂರು ಮಾಡಿಕೊಳ್ಳುತ್ತಿದ್ದೆ. ಈಗಿನ ಸಾಹೇಬರ ದನಿ ಅದಕ್ಕಿಂತ ಚೆನ್ನಾಗಿ ಬರುತ್ತದೆ, ಆದರೆ ಸಾಹೇಬರು ಎದುರಿಗೇ ಕುಂತಿರುತ್ತಾರಲ್ಲ. ಬರೆದು ಕೊಟ್ಟೆ. ಕನ್ನಡಕ ಏರಿಸಿ ಓದಿ ವಾಪಸು ಕೊಟ್ಟ. ತಾರೀಖು ಹಾಕಿರಲಿಲ್ಲ.

ಈಗ ಅಪ್ಪ ಚಾ ಕುಡಿಯಲು ಕೆಳಗೆ ಇಳಿದಿದ್ದಾನೆ. ಕುರ್ಚಿ ಖಾಲಿ ಇದೆ. ಮೇಲೆ ಟಾವೆಲ್ ಇದೆ. ಖೋಲಿಯಲ್ಲಿ ನಾನೊಬ್ಬನೇ, ನೋಡುವವರು ಯಾರೂ ಇಲ್ಲ. ಆದರೂ ಇದಿಷ್ಟನ್ನೂ ನಿಂತುಕೊಂಡೇ ಬರೆದಿದ್ದೇನೆ.